ಶಾಂತಾಬಾಯಿಯವರ ಗಾಯಮುಕ್ತ ಮನೆ

"ಇನ್ನ ಮುಂದ ಈ ಮನ್ಯಾಗ ಯಾರೂ ಬೀಳಂಗಿಲ್ಲ!"

ಬೈಲಹೊಂಗಲದ ತಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ನಿಂತು ಶಾಂತಾಬಾಯಿಯವರು ಹೀಗೆ ಘೋಷಿಸಿದಾಗ ಗುರುತ್ವಾಕರ್ಷಣೆಗೇ ಒಂದು ಕ್ಷಣ ಎದೆ ಝಲ್ಲೆಂದಿರಬೇಕು. ಯಾಕೆಂದರೆ ಆಕೆ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಪ್ರಾಚಾರ್ಯೆಯಾಗಿ ನಿವೃತ್ತರಾದವರು. ವಸ್ತುಗಳು ಯಾಕೆ ಬೀಳುತ್ತವೆ, ಎಷ್ಟು ವೇಗದಲ್ಲಿ ಬೀಳುತ್ತವೆ, ಬಿದ್ದ ಮೇಲೆ ಏನಾಗುತ್ತವೆ ಎಂಬುದನ್ನು ಅರ್ಧ ತಾಲೂಕಿಗೆ ಕಲಿಸಿದ್ದಾರೆ. ಅಂಥವರ ಮನೆಯಲ್ಲೇ ಒಂದು ವಸ್ತು ಬಿದ್ದಿತ್ತು. ಅದೂ ಗಂಡ!

ಆ ದೀಪಾವಳಿಗೆ ಕೃಷ್ಣಾಜಿಯವರು ಆಕಾಶಬುಟ್ಟಿ ಕಟ್ಟಲೆಂದು ಪ್ಲಾಸ್ಟಿಕ್ ಕುರ್ಚಿ ತಂದರು. ಎತ್ತರ ಸಾಲಲಿಲ್ಲ. ಕುರ್ಚಿಯ ಮೇಲೆ ಊಟದ ಮಣೆ ಇಟ್ಟರು. ಮಣೆಯ ಮೇಲೆ, ಎಪ್ಪತ್ತು ದಾಟಿದ ತಮ್ಮನ್ನು ತಾವೇ ಇಟ್ಟುಕೊಂಡರು. ಕುರ್ಚಿ ಒಂದು ದಿಕ್ಕಿಗೆ ಹೋಯಿತು, ಮಣೆ ಇನ್ನೊಂದು ದಿಕ್ಕಿಗೆ ಹೋಯಿತು, ಕೃಷ್ಣಾಜಿಯವರು ಎಲ್ಲಿಗೂ ಹೋಗದೆ ನೇರ ಕೆಳಗೆ ಬಂದರು. ಆ ಸಪ್ಪಳ ಕೇಳಿ ಅಡಿಗೆಮನೆಯಿಂದ ಓಡಿ ಬರುವಷ್ಟರಲ್ಲಿ ಶಾಂತಾಬಾಯಿಯವರ ತಲೆಯಲ್ಲಿ ಏನೇನು ಹಾದುಹೋಯಿತೆಂಬುದನ್ನು ಆಕೆ ಇವತ್ತಿಗೂ ಯಾರಿಗೂ ಹೇಳಿಲ್ಲ. ಬಂದು ನೋಡಿದರೆ ಕೃಷ್ಣಾಜಿಯವರು ನೆಲದ ಮೇಲೆ ಕೂತು, ಮುರಿದ ಮುಂಗೈಯಲ್ಲೇ ಬುಟ್ಟಿ ಎತ್ತಿ ಹಿಡಿದು, "ಬುಟ್ಟಿಗೆ ಏನೂ ಆಗಿಲ್ಲ ನೋಡು" ಎಂದರು.

ಕೈ ಕೂಡಿತು. ಆದರೆ ಶಾಂತಾಬಾಯಿಯವರ ಶಾಸನ ಅಂದೇ ಜಾರಿಗೆ ಬಂತು.

ಪ್ಯಾಂಟನ್ನು ನಿಂತು ಹಾಕಿಕೊಳ್ಳುವುದು ನಿಷೇಧ. ಕುರ್ಚಿಯ ಮೇಲೆ ಕೂತೇ ಹಾಕಿಕೊಳ್ಳಬೇಕು.

"ಪ್ಯಾಂಟ ಹಾಕ್ಕೊಳ್ಳಿಕ್ಕೂ ಕುರ್ಚಿ ಬೇಕೇನ? ನಾ ಏನ ರಾಜಾ ಏನ?" ಎಂದರು ಕೃಷ್ಣಾಜಿ.

"ರಾಜಾ ಆಗಿದ್ರ ಹಾಕ್ಲಿಕ್ಕೆ ಆಳ ಇರತಿದ್ರು. ಸುಮ್ನ ಕೂಡ್ರಿ."

ಬೆಳಿಗ್ಗೆ ಹಲ್ಲುಜ್ಜುವಾಗ ಎಲ್ಲರೂ ಹಿತ್ತಲ ಗೋಡೆಗೆ ಒಂದು ಕೈ ಆನಿಸಿ ಒಂಟಿಗಾಲಿನಲ್ಲಿ ನಿಲ್ಲಬೇಕು. ದೇಹದ ಸಮತೋಲ ಬೆಳೆಯಲು ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಹೀಗಾಗಿ ದಿನಾ ಸೂರ್ಯೋದಯಕ್ಕೆ ಆ ಹಿತ್ತಲಲ್ಲಿ ಶಾಂತಾಬಾಯಿ, ಕೃಷ್ಣಾಜಿ, ಮಗ ಅಭಿಜಿತ, ಸೊಸೆ ಮೃಣಾಲಿನಿ, ನಾಲ್ವರೂ ಬಾಯಲ್ಲಿ ನೊರೆ ತುಂಬಿಕೊಂಡು ಕೆರೆದಂಡೆಯ ಕೊಕ್ಕರೆಗಳಂತೆ ಸಾಲಾಗಿ ನಿಲ್ಲತೊಡಗಿದರು. ಪಕ್ಕದ ಮನೆಯ ಬಾಯವ್ವ ಗೋಡೆಯ ಮೇಲಿಂದ ಇಣುಕಿ, "ಏನ್ರಿ ಬಾಯಾರ, ಯಾವ ದೇವರಿಗೆ ಹರಕಿ ಹೊತ್ತೀರಿ?" ಎಂದು ಭಕ್ತಿಯಿಂದಲೇ ಕೇಳಿದಳು.

ಊಟದಲ್ಲಿ ಎಳ್ಳು, ಅಗಸಿ ಚಟ್ನಿ, ಮೊಳಕೆ ಬಂದ ಮಡಕಿಕಾಳು ಕಡ್ಡಾಯ. ಎಲುಬಿಗೆ ಎಳೆಬಿಸಿಲು ಕಡ್ಡಾಯ. ನಡೆಯುವಾಗ ಫೋನು ಹಿಡಿಯುವಂತಿಲ್ಲ. ಕತ್ತಲೆಯ ಕೋಣೆಗೆ ದೀಪ ಹಾಕದೆ ಕಾಲಿಡುವಂತಿಲ್ಲ. ಇಷ್ಟಾಗಿಯೂ ಯಾರಿಗಾದರೂ ಒಂದು ಗೀರು ಆಯಿತೋ, ಅವರನ್ನು ಪಡಸಾಲೆಯಲ್ಲಿ ಕೂರಿಸಿ ಶಾಂತಾಬಾಯಿಯವರು ವಿಚಾರಣೆ ನಡೆಸುವರು: ಗಾಯಕ್ಕೆ ಕಾರಣವೇನು, ಅದನ್ನು ಹೇಗೆ ತಪ್ಪಿಸಬಹುದಿತ್ತು, ಇದರಿಂದ ಕಲಿತದ್ದೇನು. ತಾಸುಗಟ್ಟಲೆ ನಡೆಯುತ್ತಿದ್ದ ಈ ವಿಚಾರಣೆ ಮುಗಿಯುವತನಕ ಚಹಾ ಇಲ್ಲ. ಸೌತೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡ ಅಭಿಜಿತನಿಗೆ ಚಾಕುವಿನ ಅಲಗಿನ ಮೇಲೆ ಒತ್ತಡ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆಕೆ ಎಷ್ಟು ವಿವರವಾಗಿ ತಿಳಿಸಿದರೆಂದರೆ, ಭಾಷಣ ಮುಗಿಯುವಷ್ಟರಲ್ಲಿ ರಕ್ತ ತಾನಾಗಿಯೇ ನಿಂತಿತ್ತು!

ಫಲ ಸಿಗದೆ ಇರುತ್ತದೆಯೇ? ಬೇಸಿಗೆ ಕಳೆಯುವಷ್ಟರಲ್ಲಿ ಗಾಯಗಳು ಕಡಿಮೆಯಾದವು. ಶ್ರಾವಣದ ಹೊತ್ತಿಗೆ ನಿಂತೇ ಹೋದವು. ಒಂದು ತರಚು ಇಲ್ಲ, ಒಂದು ಬೊಬ್ಬೆ ಇಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಶಾಂತಾಬಾಯಿಯವರು ಹೇಳುವ ಮೊದಲ ಸುದ್ದಿಯೇ ಅದಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದಸರೆಗೆ ಮುಂಚೆ ಮನೆಗೆ ಸುಣ್ಣ ಬಳಿಸುವಾಗ ಆಕೆಯ ಕಣ್ಣು ಪಡಸಾಲೆಯ ಮೂಲೆಯಲ್ಲಿದ್ದ ಬೀಸುಕಲ್ಲಿನ ಮೇಲೆ ಬಿತ್ತು. ಅತ್ತೆಯ ಕಾಲದ ಕಲ್ಲು. ಬೀಸುವುದು ಎಂದೋ ನಿಂತಿತ್ತು. ಮದುವೆ ಮುಂಜಿವೆಗಳಲ್ಲಿ ಪೂಜೆಗೆ ಬೇಕು, ಹೊರಗೆ ಹಾಕುವಂತಿಲ್ಲ.

"ಇದಕ್ಕ ಯಾರರೆ ಎಡವ್ತಾರ. ಜಾಗಾ ಬದಲಿಸಬೇಕು."

"ಶಾಂತಾ, ಅದು ನಾ ಹುಟ್ಟೂಕಿಂತ ಮೊದಲಿಂದ ಅಲ್ಲೇ ಅದ," ಎಂದರು ಕೃಷ್ಣಾಜಿ. "ಇವತ್ತಿನ ತನಕಾ ಯಾರೂ ಎಡವಿಲ್ಲ. ಅದು ಎಲ್ಲೆ ಅದ ಅಂತ ಎಲ್ಲಾರ ಕಾಲಿಗೂ ಗೊತ್ತದ."

"ಕಾಲಿಗೆ ಗೊತ್ತಿರೂದಕ್ಕ ವಿಜ್ಞಾನ ಅನ್ನಂಗಿಲ್ಲ."

ಮನೆಯಲ್ಲಿ ಅತಿ ಕಡಿಮೆ ಜನ ಓಡಾಡುವ ಜಾಗ ಯಾವುದೆಂದು ಆಕೆ ಶಾಸ್ತ್ರೋಕ್ತವಾಗಿ ವಿಚಾರ ಮಾಡಿದರು. ಕಿಟಕಿಯಿಲ್ಲದ ನಡುಮನೆ, ಅದರ ಕೊನೆಯಲ್ಲಿ ದೇವರ ಕೋಣೆಯ ಬಾಗಿಲು, ಆ ಬಾಗಿಲಿನ ಎಡಮಗ್ಗುಲು. ಬೆಳಿಗ್ಗೆ ಒಮ್ಮೆ ಪೂಜೆಗೆ ಹೋದರೆ ಮುಗಿಯಿತು, ಮತ್ತೆ ಆ ಕಡೆ ಯಾರೂ ಸುಳಿಯುವುದಿಲ್ಲ. ಅಭಿಜಿತ ತನ್ನ ನೀರಾವರಿ ಪೈಪಿನ ಅಂಗಡಿಯಿಂದ ಹಮಾಲರನ್ನು ಕರೆತಂದು ಕಲ್ಲನ್ನು ಅಲ್ಲಿಗೆ ಸಾಗಿಸಿದ.

ಲೆಕ್ಕದಲ್ಲಿ ಒಂದೇ ಒಂದು ಸಂಗತಿ ಬಿಟ್ಟುಹೋಗಿತ್ತು. ಮರುವಾರ ನವರಾತ್ರಿ! ದೇವರ ಕೋಣೆಯಲ್ಲಿ ದೇವಿಯ ಕಲಶದ ಘಟ್ಟ ಕೂತಿತು, ನಂದಾದೀಪ ಹತ್ತಿತು. ಅದು ಹಬ್ಬ ಮುಗಿಯುವವರೆಗೆ ಆರಬಾರದು. ಹೊತ್ತು ಹೊತ್ತಿಗೆ ಯಾರಾದರೊಬ್ಬರು ಎಣ್ಣೆಯ ಗಿಂಡಿ ಹಿಡಿದು, ಬರಿಗಾಲಿನಲ್ಲಿ, ದೂರದ ದೀಪದ ಮೇಲೆಯೇ ಕಣ್ಣಿಟ್ಟು, ಆ ಕತ್ತಲ ನಡುಮನೆಯನ್ನು ದಾಟಬೇಕು. ಅತಿ ಕಡಿಮೆ ಸಂಚಾರದ ಆ ಹಾದಿ ಕಿತ್ತೂರಿನ ಹೆದ್ದಾರಿಯಾಗಿಬಿಟ್ಟಿತು.

ಆದರೆ ಶಾಂತಾಬಾಯಿಯವರು ಗಮನಿಸಿದ್ದು ಬೇರೆಯದನ್ನೇ. ಆ ವಾರ ಮನೆಮಂದಿಯ ನಡಿಗೆಯಲ್ಲೇ ಅದ್ಭುತ ಸುಧಾರಣೆ ಕಂಡಿತು! ಮನೆಯೊಳಗೆ ಬೂಟು ಹಾಕಿಕೊಳ್ಳಿ, ಹಿಡಿತ ಸಿಗುತ್ತದೆ ಎಂದು ಆಕೆ ಎಷ್ಟು ಹೇಳಿದರೂ ಕೇಳದಿದ್ದ ಕೃಷ್ಣಾಜಿಯವರು ಈಗ ಬೆಳಗಿನಿಂದ ಸಂಜೆಯವರೆಗೆ ಕ್ಯಾನ್ವಾಸ್ ಬೂಟು ಬಿಚ್ಚಲೊಲ್ಲರು. ದೇವರ ಕೋಣೆಯ ಕೆಲಸವಿದ್ದರೆ ಮಾತ್ರ, ಅದೂ ಬಾಗಿಲು ಮುಚ್ಚಿಕೊಂಡು, ಬಿಚ್ಚುವರು. ಸದಾ ದಡಬಡ ಓಡುವ ಅಭಿಜಿತ ಹೆಜ್ಜೆಯನ್ನು ಅಳೆದು ತೂಗಿ ಇಡುತ್ತಾನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೃಣಾಲಿನಿ ರಜೆಯಲ್ಲಿ ಪೇಪರು ತಿದ್ದುವಾಗ ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟುಕೊಂಡು ಕೂಡುತ್ತಾಳೆ.

"ಭಾಳ ಛಲೋ ರೂಢಿ," ಎಂದು ಶಾಂತಾಬಾಯಿ ಬೆನ್ನು ತಟ್ಟಿದರು. "ರಕ್ತಸಂಚಾರಕ್ಕ ಒಳ್ಳೇದು."

"ಹೌದ್ರಿ ಅತ್ಯಾರ," ಎಂದು ಮೃಣಾಲಿನಿ ಪೇಪರಿನಿಂದ ತಲೆ ಎತ್ತಲಿಲ್ಲ.

ಇಂಥ ಯಶಸ್ಸನ್ನು ಒಬ್ಬರೇ ಅನುಭವಿಸುವುದು ಹೇಗೆ? ಅಷ್ಟಮಿಯ ಮಧ್ಯಾಹ್ನ ಆಕೆ ರಾಮದುರ್ಗದ ತಂಗಿಗೆ ಫೋನು ಹಚ್ಚಿದರು. ಮಾತು ರಂಗೇರಿತು. ಅಷ್ಟರಲ್ಲಿ ದೀಪಕ್ಕೆ ಎಣ್ಣೆ ಹಾಕುವ ಸರದಿ ತಮ್ಮದೆಂದು ನೆನಪಾಯಿತು. ಒಂದು ಕೈಯಲ್ಲಿ ಗಿಂಡಿ, ಇನ್ನೊಂದರಲ್ಲಿ ಫೋನು.

"ಶ್ರಾವಣದಿಂದ ನೋಡು, ನಮ್ಮ ಮನ್ಯಾಗ ಒಬ್ಬರಿಗೂ ಒಂದ ಗೀರ ಆಗಿಲ್ಲ. ಶಿಸ್ತ ಅಂದ್ರ ಶಿಸ್ತು! ನಡಿಯೂಮುಂದ ಫೋನಿನ್ಯಾಗ ಮಾತಾಡಂಗಿಲ್ಲ, ಕತ್ತಲ್ಯಾಗ ದೀಪಾ ಹಾಕದ ಹೆಜ್ಜಿ ಇಡಂಗಿ..."

ಠಣ್!

"ಅಯ್ಯಯ್ಯಯ್ಯೋ!"

"ಅಕ್ಕಾ? ಏನಾತ?"

"ಏನಿಲ್ಲ." ಶಾಂತಾಬಾಯಿ ಬಾಗಿಲ ಚೌಕಟ್ಟನ್ನು ಅಪ್ಪಿಕೊಂಡಿದ್ದರು. "ಹಲ್ಲಿ... ಹಲ್ಲಿ ಬಿತ್ತು."

"ಹಲ್ಲಿ? ಎಲ್ಲೆ ಬಿತ್ತು? ಎಡಕ್ಕೋ ಬಲಕ್ಕೋ?"

"ಎಡಗಾಲಿಂದು ಕಿರಿಬೆರಳಿನ ಮ್ಯಾಲೆ."

"ಬರೋಬ್ಬರಿ ಕಿರಿಬೆರಳಿನ ಮ್ಯಾಲೆನ? ಅಷ್ಟ ಖಚಿತ ಹೆಂಗ ಗೊತ್ತಾತು?"

"ಭಾರೀ ಹಲ್ಲಿ ಇತ್ತ!"

"ತಡಿ, ಪಂಚಾಂಗದಾಗ ಫಲಾ ನೋಡ್ತೇನಿ."

"ನಾ ಶಕುನಾ ನಂಬಂಗಿಲ್ಲ. ಇಡತೇನಿ," ಎಂದು ಫೋನು ಇಟ್ಟು ಶಾಂತಾಬಾಯಿಯವರು ಬೀಸುಕಲ್ಲಿನ ಮೇಲೆಯೇ ಕುಸಿದು ಕೂತರು. ಕೂಡಲು ಅಲ್ಲಿ ಇದ್ದದ್ದೇ ಅದು.

ಈಗ ಏನು ಮಾಡುವುದು? ಗಾಯವಾದವರು ಮೊದಲು ಮಾಡಬೇಕಾದ ಕೆಲಸವೆಂದರೆ ಮನೆಯವರಿಗೆ ಹೇಳುವುದು ಎಂದು ಆಕೆಯೇ ಹತ್ತಾರು ಸಲ ಬೋಧಿಸಿದ್ದರು. ಆದರೆ ಹೇಳುವುದೇನನ್ನು? ಕೈಯಲ್ಲಿ ಫೋನಿತ್ತು, ದೀಪ ಹಾಕಿರಲಿಲ್ಲ, ನೆಲ ನೋಡಿರಲಿಲ್ಲ, ಕಲ್ಲನ್ನು ಅಲ್ಲಿ ಇಡಿಸಿದ್ದೂ ತಾವೇ ಎಂದೇ? ಮರ್ಯಾದೆಯ ಪ್ರಶ್ನೆ ಹಾಗಿರಲಿ. ಕೃಷ್ಣಾಜಿಯವರು ಈ ವರ್ಷದ ದೀಪಾವಳಿಗೆ ಈಗಾಗಲೇ ಹೊಸ ಆಕಾಶಬುಟ್ಟಿ ತಂದು ಅಟ್ಟದ ಮೇಲೆ ಇಟ್ಟಿದ್ದರು. "ಈ ಸಲಾನೂ ಕಟ್ಟಾಂವ ನಾನ" ಎಂದು ಮೀಸೆಯೊಳಗೇ ಅಂದಿದ್ದರು. ಇಷ್ಟು ದಿನ ಅವರನ್ನು ನೆಲದ ಮೇಲೆ ಹಿಡಿದು ನಿಲ್ಲಿಸಿದ್ದು ತಮ್ಮ ಶಾಸನವೊಂದೇ. ಶಾಸನ ಮಾಡಿದವರೇ ಮುರಿದರು ಎಂದು ಗೊತ್ತಾದ ಮರುಗಳಿಗೆ ಆ ಮನುಷ್ಯ ಏಣಿ ಹತ್ತುತ್ತಾರೆ! ಮತ್ತೆ ಆ ಸಪ್ಪಳ, ಮತ್ತೆ ಅಡಿಗೆಮನೆಯಿಂದ ಆ ಓಟ.

ಬೇಡ. ದೀಪಾವಳಿ ದಾಟುವತನಕ ಹಲ್ಲು ಕಚ್ಚಿ ನಡೆಯುವುದು. ಬೆರಳು ಬಾಡಿದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ತಿರುಗಲಿ. ಸೀರೆ ಉದ್ದವಿದೆ.

ಗುಟ್ಟಾಗಿ ಉಪಚಾರ ಮಾಡಿಕೊಳ್ಳೋಣವೆಂದು ಫ್ರಿಜ್ಜು ತೆರೆದರೆ ಬರ್ಫದ ತಟ್ಟೆ ಖಾಲಿ. ಕಪಾಟು ತೆರೆದರೆ ನೋವಿನ ಮುಲಾಮಿನ ಟ್ಯೂಬನ್ನು ಯಾರೋ ಕೊನೆಯ ಹನಿಯತನಕ ಹಿಂಡಿ, ಸುರುಳಿ ಸುತ್ತಿ ಇಟ್ಟಿದ್ದರು. ಅರಿಷಿಣದ ಡಬ್ಬಿ ತಳ ಕಂಡಿತ್ತು. ಶಾಂತಾಬಾಯಿಯವರಿಗೆ ಸೋಜಿಗವಾಯಿತು. ಒಂದು ಗೀರೂ ಆಗದ ಮನೆಯಲ್ಲಿ ಮುಲಾಮು ಮುಗಿಯುವುದು ಹೇಗೆ? ಕಳ್ಳರೇ? ಬಂಗಾರ ಬಿಟ್ಟು ಬರ್ಫ ಕದಿಯುವ ಕಳ್ಳರು ಈ ತಾಲೂಕಿನಲ್ಲಿ ಯಾವಾಗ ಹುಟ್ಟಿಕೊಂಡರು?

ಆದರೂ ಆಕೆ ಯಾರನ್ನೂ ಕೇಳಲಿಲ್ಲ. ಕೇಳಿದರೆ "ನಿಮಗ್ಯಾಕ ಬೇಕಾಗಿತ್ತು?" ಎಂದಾರು. ಕಲ್ಲನ್ನು ಅಲ್ಲಿಂದ ತೆಗೆಸೋಣವೆಂದರೆ "ಯಾಕ?" ಎಂದಾರು. ಖಂಡೇನವಮಿಯ ದಿನ, ಆಯುಧಪೂಜೆಯಲ್ಲಿ, ಅದಕ್ಕೂ ಅರಿಷಿಣ ಕುಂಕುಮ ಏರಿತು. ಮನೆಯವರೆಲ್ಲ ಆ ಕಲ್ಲಿಗೆ ಮಾರು ದೂರದಿಂದಲೇ, ಎಂದಿಲ್ಲದ ಭಯಭಕ್ತಿಯಿಂದ ಕೈ ಮುಗಿದದ್ದು ಆಕೆಗೆ ಸ್ವಲ್ಪ ವಿಚಿತ್ರವೆನಿಸಿತು. ಅಷ್ಟೇ.

ನಡೆದರೆ ನೋವು, ಕೂತರೆ ಸಿಡಿತ. ಆಕೆ ಪಡಸಾಲೆಯಿಂದ ಅಡಿಗೆಮನೆಗೆ, ಅಲ್ಲಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಪಡಸಾಲೆಗೆ ಸುಮ್ಮನೆ ತಿರುಗಿದರು. ಒಂದೆಡೆ ನಿಂತರೆ ಯಾರಾದರೂ ಕಾಲು ನೋಡಿಯಾರೆಂಬ ದಿಗಿಲು. ಹಲ್ಲುಜ್ಜುವಾಗ ಎಡಗಾಲಿನ ಸರದಿ ಬಂದಾಗ, "ಇವತ್ತ ಹಬ್ಬ, ವ್ಯಾಯಾಮಕ್ಕ ರಜಾ" ಎಂದು ಸಾರಿದರು. ಮೂವರೂ ಎಷ್ಟು ಬೇಗ ಒಪ್ಪಿದರೆಂದರೆ ಬಾಯಿ ತೊಳೆಯುವುದನ್ನೂ ಮರೆತು ಒಳಗೆ ನಡೆದರು!

ಆಮೇಲೆ ಬಂತು ವಿಜಯದಶಮಿಯ ಸಂಜೆ.

ಈ ಕಡೆಯ ದಸರೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಸಂಜೆಯಾಗುತ್ತಲೇ ಊರಿಗೆ ಊರೇ ಹೊಸ ಬಟ್ಟೆ ಉಟ್ಟು, ಬನ್ನಿಯ ಎಲೆ ಹಿಡಿದು ಮನೆಮನೆಗೆ ಹೊರಡುತ್ತದೆ. ಹಿರಿಯರ ಕೈಗೆ ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಹೇಳಿ, ಬಗ್ಗಿ ಅವರ ಪಾದ ಮುಟ್ಟುತ್ತದೆ. ಅರ್ಧ ತಾಲೂಕಿಗೆ ಪಾಠ ಹೇಳಿದವರ ಮನೆಗೆ ಅರ್ಧ ತಾಲೂಕೇ ಬರುತ್ತದೆ. ಅಷ್ಟೂ ಕೈಗಳು ಇವತ್ತು ಎರಡು ಪಾದಗಳನ್ನು ಹುಡುಕಿಕೊಂಡು ಬರಲಿದ್ದವು. ಅವುಗಳಲ್ಲಿ ಒಂದು ಎಡದ್ದು!

ಮೊದಲು ಬಂದ ಓಣಿಯ ಹುಡುಗಿಯರಿಗೆ ಆಕೆ, "ದೂರಿಂದನ ನಮಸ್ಕಾರ ಮಾಡ್ರಿ. ಕೊರೋನಾ!" ಎಂದರು.

"ಅದು ಹೋಗಿ ವರ್ಷಗಟ್ಟಲೆ ಆತಲ್ರಿ ಮೇಡಂ," ಎಂದು ಹುಡುಗಿಯರು ನಕ್ಕು, ಸಾಲಾಗಿ ಮುಟ್ಟಿಯೇ ಹೋದರು.

ಆಕೆ ಮಂಚದ ಮೇಲೆ ಕಾಲು ಮಡಚಿ, ಸೀರೆಯೊಳಗೆ ಪಾದ ಅಡಗಿಸಿ ಕೂತರು. ಬಂದವರು ಕಳೆದುಹೋದ ಉಂಗುರ ಹುಡುಕುವಂತೆ ನೆರಿಗೆಯ ಕೆಳಗೆ ಕೈಯಾಡಿಸಿ ಪಾದ ಹುಡುಕಿದರು. ಆಕೆ ಎದ್ದು ನಿಂತು, ಎಡಗಾಲನ್ನು ಹಿಂದಕ್ಕೆ ಸರಿಸಿ ಬಲಗಾಲನ್ನಷ್ಟೇ ಮುಂದಿಟ್ಟರು. "ಒಂದ ಕಾಲಿಗೆ ನಮಸ್ಕಾರ ಮಾಡಿದ್ರ ಒಳ್ಳೇದಲ್ರಿ" ಎಂದು ಅವರು ಆ ಕಾಲನ್ನೂ ಎಳೆದುಕೊಂಡರು.

ಕೊನೆಗೆ ವಿಚಾರಬಲವೇ ಗತಿಯೆಂದು ಆಕೆ ಪಡಸಾಲೆಯಲ್ಲಿ ಭಾಷಣ ಆರಂಭಿಸಿದರು. "ಕಾಲ ಮುಟ್ಟೂದು ಗುಲಾಮಗಿರಿಯ ಸಂಕೇತ! ವಿದ್ಯಾ ಕಲತವರು ತಲಿ ಎತ್ತಿ ನಿಲ್ಲಬೇಕು. ಗೌರವಾ ಮನಸ್ಸಿನ್ಯಾಗಿದ್ರ ಸಾಕು. ಯಾರೂ ಯಾರ ಕಾಲಿಗೂ ಬೀಳಬಾರದು!"

ಅಂಥ ಭಾಷಣವನ್ನು ಆ ಮಂದಿ ಕಾಲೇಜು ಬಿಟ್ಟ ಮೇಲೆ ಕೇಳಿರಲಿಲ್ಲ. ಚಪ್ಪಾಳೆ ಬಿದ್ದವು. ಆಮೇಲೆ, ಭಾಷಣ ಅಷ್ಟು ಚೆನ್ನಾಗಿತ್ತೆಂದು, ಒಮ್ಮೆ ಬಿದ್ದು ಎದ್ದವರೂ ಇನ್ನೊಮ್ಮೆ ಸಾಲು ಹಚ್ಚಿ ಕಾಲಿಗೆ ಬಿದ್ದರು!

ಅಷ್ಟರಲ್ಲಿ ಪರಪ್ಪ ಬಂದ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಮಾಲೀಕ. ಭೌತಶಾಸ್ತ್ರದಲ್ಲಿ ಪಾಸಾಗಲು ಪಟ್ಟ ಕಷ್ಟವನ್ನೂ, ಪಾಸು ಮಾಡಿಸಲು ಮೇಡಂ ಪಟ್ಟ ಕಷ್ಟವನ್ನೂ ಮರೆತವನಲ್ಲ. ಅವನ ಅಂಗೈ ಸಲಿಕೆಯಷ್ಟು ಅಗಲ. ಆದರೆ ಅವನು ಅಂಗೈಯಿಂದ ಮುಟ್ಟಲಿಲ್ಲ. ಉದ್ದಕ್ಕೆ ಅಡ್ಡಬಿದ್ದು, ಹಣೆಯನ್ನು ತಂದು ಸರಿಯಾಗಿ ಆ ಕಿರುಬೆರಳಿನ ಮೇಲೆ ಇಟ್ಟ. ಇಟ್ಟು, ಭಾರ ಬಿಟ್ಟ.

ಶಾಂತಾಬಾಯಿಯವರು ಕೂಗಲಿಲ್ಲ. ಆದರೆ ಕಾಲೇಜಿನ ಬೀಳ್ಕೊಡುಗೆಯಲ್ಲೂ ಒದ್ದೆಯಾಗದ ಆ ಕಣ್ಣುಗಳಿಂದ ಧಾರಾಕಾರವಾಗಿ ನೀರು ಇಳಿಯಿತು.

ಪರಪ್ಪ ತಲೆ ಎತ್ತಿದ. ನೋಡಿದ. "ಮೇಡಮ್ಮಾರ! ನಮ್ಮ ಮ್ಯಾಲ ಇಷ್ಟ ಜೀವಾ ಇಟ್ಟಿದ್ರೇನ್ರಿ! ನಮಗ ತಿಳೀಲೇ ಇಲ್ಲಲ್ರಿ!" ಎಂದು ಮತ್ತೊಮ್ಮೆ ಹಣೆ ಇಟ್ಟ.

ಹೊರಗೆ ಬಂದವನೇ ಫೋನು ತೆಗೆದ. "ಲೇ, ಎಲ್ಲಿದ್ದೀರಿ? ಲಗೂನ ಬರ್ರಿ. ಮೇಡಮ್ಮಾರು ಅಳಾಕತ್ತಾರ. ಹೌದಲೇ, ನಮ್ಮ ಮೇಡಮ್ಮಾರ! ಏನೋ ಹೆಚ್ಚು ಕಡಿಮಿ ಐತಿ. ಕಡೀ ದಸರೆ ಇದ್ದಾಂಗ ಕಾಣತೈತಿ."

ಬಾಯವ್ವ ಗೋಡೆಯ ಆಚೆಯಿಂದ ಅಷ್ಟನ್ನೂ ಕೇಳಿಸಿಕೊಂಡು ಉಳಿದ ಓಣಿಗೆ ಮುಟ್ಟಿಸಿದಳು. ಸಂಪಗಾಂವದಿಂದ ಬೈಕಿನ ದಂಡೇ ಬಂತು. ಉಗರಗೋಳದ ಕಡೆಗೆ ಹೊರಟವರು ದಾರಿಯಿಂದ ಗಾಡಿ ತಿರುಗಿಸಿದರು. ಬಂದವರೆಲ್ಲ ಗಂಭೀರ ಮುಖ ಮಾಡಿ, ಪಾದವನ್ನು ಮುಟ್ಟುವುದಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳತೊಡಗಿದರು. ಕಣ್ಣೀರು ಹೆಚ್ಚಿದಷ್ಟೂ ಸುದ್ದಿ ಹೆಚ್ಚಿತು, ಸುದ್ದಿ ಹೆಚ್ಚಿದಷ್ಟೂ ಮಂದಿ, ಮಂದಿ ಹೆಚ್ಚಿದಷ್ಟೂ ಕಣ್ಣೀರು. ಕೃಷ್ಣಾಜಿಯವರು ಮೂಲೆಯ ಕುರ್ಚಿಯಲ್ಲಿ ಬೂಟುಗಾಲನ್ನು ಕುರ್ಚಿಯ ಅಡಿಗೆ ತೂರಿಸಿಕೊಂಡು, ಹೆಂಡತಿಯ ಈ ಹೊಸ ಮೃದುತ್ವವನ್ನು ಬೆರಗಿನಿಂದ ನೋಡುತ್ತಿದ್ದರು.

"ಮೇಡಂ ಸೀರಿಯಸ್ ಅಂತ ಕೇಳಿದೆ!" ಎನ್ನುತ್ತ ಮಂದಿಯನ್ನು ಸೀಳಿಕೊಂಡು ಬಂದವನು ಡಾಕ್ಟರ್ ಸುನೀಲ. ಹಳೆಯ ವಿದ್ಯಾರ್ಥಿ, ಈಗ ಊರಿನ ಎಲುಬಿನ ಡಾಕ್ಟರು. ಒಂದು ಕೈಯಲ್ಲಿ ಬನ್ನಿ, ಇನ್ನೊಂದರಲ್ಲಿ ಔಷಧದ ಚೀಲ.

"ನನಗೇನೂ ಆಗಿಲ್ಲ. ಬನ್ನಿ ಕೊಡು, ನಡಿ."

"ನಮಸ್ಕಾರ ಮಾಡದ ಹೆಂಗ ಹೋಗಲ್ರಿ?" ಎಂದು ಅವನು ಬಗ್ಗಿದ. ಬಗ್ಗಿದವನು ಏಳಲಿಲ್ಲ. ಭಕ್ತಿಯ ಬೆರಳುಗಳು ಹಾಗೆಯೇ ವೃತ್ತಿಯ ಬೆರಳುಗಳಾದವು.

"ಮೇಡಂ, ಈ ಬೆರಳ ಯಾವಾಗ ಮುರೀತ್ರಿ?"

"ಯಾವ ಬೆರಳ?"

"ಈ ಬೆರಳ." ಅವನು ಒತ್ತಿದ.

ಆ ಕೂಗಿಗೆ ಮಾಡಿನ ಮೇಲಿನ ಪಾರಿವಾಳಗಳು ಒಟ್ಟಿಗೇ ಎದ್ದವು. ಕೃಷ್ಣಾಜಿಯವರು ಕುರ್ಚಿಯಿಂದ ಎದ್ದು, ಕುಂಟುತ್ತ ಕುಂಟುತ್ತ ಓಡಿ ಬಂದರು.

"ಶಾಂತಾ! ಬೀಸುಕಲ್ಲಿಗೆ ಎಡವಿದ್ಯಾ?"

ಶಾಂತಾಬಾಯಿಯವರು ಕಣ್ಣೊರೆಸಿಕೊಂಡರು. ಅಷ್ಟು ನೋವಿನಲ್ಲೂ ಅವರೊಳಗಿನ ಪ್ರಾಧ್ಯಾಪಕಿ ಎಚ್ಚರಾದಳು. "ಬೀಸುಕಲ್ಲಿಗೇ ಅಂತ ನಿಮಗ ಹೆಂಗ ಗೊತ್ತಾತು?"

ಕೃಷ್ಣಾಜಿಯವರು ಎಡಗಾಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಸುನೀಲ ಅವರ ಬೂಟು ನೋಡಿದ.

"ಸರ್, ಎಡಗಾಲಿಂದು ಬಿಚ್ಚರಿ."

"ಬ್ಯಾಡೋ ಸುನೀಲಾ. ಹಬ್ಬದಾಗ..."

"ಬಿಚ್ಚರಿ," ಎಂದರು ಶಾಂತಾಬಾಯಿ.

ಬೂಟು ಬಿಚ್ಚಿದಾಗ ಕಂಡ ಬೆರಳು ಮಾಗಿದ ನೇರಳೆ ಹಣ್ಣಿನಂತಿತ್ತು. ಘಟ್ಟ ಕೂತ ಮರುದಿನವೇ ಆದದ್ದಂತೆ! ಹಿಂದಿನಿಂದ ಕಿಸಕ್ಕನೆ ನಗುವ ಸಪ್ಪಳ ಬಂತು. ಮೃಣಾಲಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಅತ್ಯಾರ... ಸಿಟ್ಟಾಗಬ್ಯಾಡ್ರಿ... ನಂದೂ." ಅಭಿಜಿತ ಗೋಡೆಗೆ ಒರಗಿ, ಎಡಗಾಲಿನ ಸಾಕ್ಸನ್ನು ಕೆಳಗೆ ಎಳೆದು ತೋರಿಸಿದ.

ಒಂದೇ ಕಲ್ಲು. ನಾಲ್ಕು ಬೆರಳು. ಎಲ್ಲವೂ ಎಡ!

ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ? ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಮೊಳಕೈ ತರಚಿದ್ದನ್ನು ಕೃಷ್ಣಾಜಿಯವರು ಒಪ್ಪಿಕೊಂಡರು. ತುಂಬುತೋಳಿನ ಅಂಗಿಯ ಮೇಲೆ ಅವರಿಗೆ ಹುಟ್ಟಿದ ಪ್ರೀತಿಗೆ ಅದು ಕಾರಣ. ಗಣೇಶ ಚತುರ್ಥಿಯ ಕಡಬಿನ ಆವಿಯಿಂದ ಕೈ ಸುಟ್ಟದ್ದನ್ನು ಮೃಣಾಲಿನಿ ಮೆಹಂದಿಯ ಕೆಳಗೆ ಮುಚ್ಚಿದ್ದಳು. ಅಭಿಜಿತನ ತಲೆಗೆ ಬಡಿದ ಬಾಗಿಲುಗಳ ವಿವರ ಇಲ್ಲಿ ಬೇಡ. ಬರ್ಫ, ಮುಲಾಮು, ಅರಿಷಿಣ ಎಲ್ಲಿ ಹೋದವೆಂದು ಯಾರೂ ಕೇಳಬೇಕಾಗಲಿಲ್ಲ. ಗಾಯಮುಕ್ತ ಮನೆಯ ಇತಿಹಾಸವೆಲ್ಲ ಊರಿನ ಎದುರಿಗೆ ಗಾಯಗಳ ಮೆರವಣಿಗೆಯಾಗಿ ಸಾಗಿತು. ಪರಪ್ಪ ಬಾಯಿ ಬಿಟ್ಟು ಕೇಳುತ್ತ ನಿಂತಿದ್ದ.

"ನನಗ ಯಾಕ ಹೇಳಲಿಲ್ಲ?" ಶಾಂತಾಬಾಯಿಯವರ ದನಿ ಎಂದಿನಷ್ಟು ಗಟ್ಟಿಯಿರಲಿಲ್ಲ.

"ನೋವ ನಾಕ ದಿನಕ್ಕ ಹೋಗ್ತದ," ಎಂದರು ಕೃಷ್ಣಾಜಿ. "ನಿನ್ನ ಭಾಷಣಾ ಹೋಗಂಗಿಲ್ಲ."

"ಹಂಗಲ್ರಿ ಅತ್ಯಾರ," ಎಂದಳು ಮೃಣಾಲಿನಿ. "ಶ್ರಾವಣದಿಂದ ಒಂದ ಗೀರ ಆಗಿಲ್ಲ ಅಂತ ನೀವು ಎಲ್ಲಾರ ಮುಂದೂ ಎಷ್ಟ ಖುಷಿಲೆ ಹೇಳ್ತಿದ್ರಿ. ನಾವ್ಯಾಕ ಅದನ್ನ ಕೆಡಸೂದು ಅಂತ..."

ಅಳೆಯುವವರಿಗೆ ಹೆದರಿ ವಸ್ತುವೇ ಸುಳ್ಳು ಹೇಳತೊಡಗಿದರೆ ಅದು ಪ್ರಯೋಗವಲ್ಲ ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಆದರೆ ಶಾಂತಾಬಾಯಿಯವರಿಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ಎಲ್ಲರೂ ಕೇಳುವಂತೆಯೇ ಗಂಡನನ್ನು ಕೇಳಿದರು:

"ಹಂಗಾದ್ರ ಇನ್ನ ನನ್ನ ಮಾತು ಯಾರೂ ಕೇಳಂಗಿಲ್ಲ. ದೀಪಾವಳಿಗೆ ನೀವು ಏಣಿ ಹತ್ತಾವ್ರು. ಹೌದಲ್ಲೊ?"

ಕೃಷ್ಣಾಜಿಯವರು ಹೆಂಡತಿಯ ಮುಖವನ್ನು ನೋಡಿದರು. ಈ ಎರಡು ದಿನ ಆಕೆ ಯಾತಕ್ಕಾಗಿ ನೋವು ನುಂಗಿದರೆಂಬುದು ಅವರಿಗೆ ಆಗ ತಿಳಿಯಿತು.

"ಈ ಕಾಲ ತಗೊಂಡ? ಹುಚ್ಚಿ! ಅಭ್ಯಾ ಕಟ್ಟಲಿ."

"ನಂದೂ ಮುರದದ ಅಪ್ಪಾ," ಎಂದ ಅಭಿಜಿತ.

"ಹಂಗಾದ್ರ ಈ ವರ್ಷ ಬುಟ್ಟಿ ಮೇಜಿನ ಮ್ಯಾಲೆ ಇಡೂಣು. ಆಕಾಶ ಬೇಕಾದ್ರ ಕೆಳಗ ಇಳದ ಬಂದ ನೋಡಲಿ."

ವರ್ಷವಿಡೀ ಭಾಷಣ ಮಾಡಿ ಶಾಂತಾಬಾಯಿಯವರು ಸಾಧಿಸಲಾಗದ್ದನ್ನು ಒಂದು ಕಲ್ಲು ಕೂತಲ್ಲೇ ಸಾಧಿಸಿತ್ತು!

ಸುನೀಲ ನಾಲ್ವರನ್ನೂ ತನ್ನ ಕಾರಿನಲ್ಲಿ ತುಂಬಿದ. ಪರಪ್ಪ ಮೇಡಂ ಅವರನ್ನು ಎತ್ತಿಕೊಂಡೇ ಒಯ್ಯುವೆನೆಂದು ಮುಂದಾದಾಗ, "ಕಾಲಿಗೆ ಬಂದದ್ದು ಟೊಂಕಕ್ಕ ಬರೂದು ಬ್ಯಾಡ. ದೂರ ನಿಲ್ಲು" ಎಂದು ಆಕೆ ಅವನನ್ನು ತಡೆದರು. ದಾರಿಯುದ್ದಕ್ಕೂ ಸುನೀಲ ಉಪದೇಶ ಮಾಡಿದ: ಮುರಿದ ಬೆರಳನ್ನು ಮಗ್ಗುಲ ಬೆರಳಿಗೆ ಸೇರಿಸಿ ಪಟ್ಟಿ ಸುತ್ತುತ್ತೇನೆ, ಕಾಲು ಎತ್ತರದಲ್ಲಿ ಇಡಬೇಕು, ಭಾರ ಹಾಕಬಾರದು, ಮೊದಲನೆಯ ದಿನವೇ ಬಂದಿದ್ದರೆ ಇಷ್ಟು ಬಾವು ಇರುತ್ತಿರಲಿಲ್ಲ. ನಾಲ್ವರೂ ತಲೆ ತಗ್ಗಿಸಿ ಕೇಳಿದರು. ಮುಂದಿನ ಸೀಟಿನಲ್ಲಿ ಕೂತ ಶಾಂತಾಬಾಯಿಯವರಿಗೆ, ಉಪದೇಶವೆಂಬುದು ಕೇಳುವ ಕಡೆಯಿಂದ ಇಷ್ಟು ಉದ್ದವಿರುತ್ತದೆಂದು ಅದೇ ಮೊದಲು ತಿಳಿಯಿತು.

ದವಾಖಾನೆಯಲ್ಲಿ ಎಕ್ಸ್-ರೇ ತೆಗೆಯುವ ಭರಮಪ್ಪ ಹಬ್ಬದ ಹೋಳಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದ. ಬೆಂಚಿನ ಮೇಲೆ ಸಾಲಾಗಿ ಎಡಗಾಲು ಚಾಚಿ ಕೂತ ಒಂದೇ ಮನೆಯ ನಾಲ್ವರನ್ನು ನೋಡಿ ಅವನು ಹೌಹಾರಿದ.

"ಯಪ್ಪಾ! ಇಡೀ ಮನಿಗೆ ಮನೀನ ಬಂದೈತಲ್ರಿ! ಏನ ಹಾಯ್ತರಿ ಇಷ್ಟೂ ಮಂದಿಗೆ? ಕಬ್ಬಿನ ಟ್ರ್ಯಾಕ್ಟರ್ರೋ, ಲಾರೀನೋ?"

ಕೃಷ್ಣಾಜಿಯವರು ಏನೋ ಹೇಳಲು ಬಾಯಿ ತೆರೆದರು. ಶಾಂತಾಬಾಯಿಯವರು ತರಗತಿಯಲ್ಲಿ ಎತ್ತುವಂತೆ ಕೈ ಎತ್ತಿ ತಡೆದರು.

"ಟ್ರ್ಯಾಕ್ಟರ್ ಅಲ್ಲೋ ತಮ್ಮಾ. ಇವ್ರಿಗೆ ಹಾಯ್ದಾಕಿ ನಾನು."

ಭರಮಪ್ಪ ಕಣ್ಣು ಪಿಳುಕಿಸಿದ. ಒಮ್ಮೆ ಆ ಮೂವರನ್ನು, ಒಮ್ಮೆ ಈಕೆಯ ಬದನೆಬಣ್ಣದ ಬೆರಳನ್ನು ನೋಡಿದ.

"ಮತ್ತ ನಿಮಗ ಯಾರ ಹಾಯ್ದರ್ರಿ?"

"ಅದೂ ನಾನ."